ಆಲಿಸ್‌ಗೆ 19 ವರ್ಷ ಯಾಕಾಯಿತು? ಮಕ್ಕಳ ಕತೆಯ ಹುಡುಗಿಯರು ಸಿನಿಮಾದಲ್ಲಿ ದೊಡ್ಡವರಾಗುವ ಬಗ್ಗೆ

ಮಲ್ಲಿಗೆದಂಡೆ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಈ ರಜೆಯಲ್ಲಿ ಲೂಯಿಸ್ ಕ್ಯಾರಲ್‌ನ ಆಲಿಸ್ ಕತೆ ಓದಿ ಮುಗಿಸಿದಳು. ಮುಗಿಸಿದವಳೇ ಸಿನಿಮಾ ಹಾಕು ಅಂತ ಗಂಟುಬಿದ್ದಳು. ನಾನು ಟಿಮ್ ಬರ್ಟನ್‌ನ 2010ರ ಸಿನಿಮಾ ಹಾಕಿ ಅಡುಗೆಮನೆಗೆ ಹೋದೆ. ಕುಕ್ಕರ್ ಎರಡು ಸಲ ಕೂಗುವಷ್ಟರಲ್ಲಿ ಕರೆ ಬಂತು. "ಅಮ್ಮಾ, ಇವಳು ಆಲಿಸ್ ಅಲ್ಲ. ಆಲಿಸ್‌ನ ಅಕ್ಕ ಇರಬೇಕು."

ಅವಳು ಹೇಳಿದ್ದು ಸರಿಯಾಗಿಯೇ ಇದೆ. ಪುಸ್ತಕದ ಆಲಿಸ್‌ಗೆ ಏಳು ವರ್ಷ. ಎರಡನೇ ಪುಸ್ತಕದಲ್ಲಿ ತನಗೆ ಸರಿಯಾಗಿ ಏಳೂವರೆ ಅಂತ ಅವಳೇ ಹೇಳುತ್ತಾಳೆ. ಸಿನಿಮಾದವಳಿಗೆ 19. ತೋಟದಲ್ಲಿ ದೊಡ್ಡ ಔತಣ. ನೆಂಟರಿಷ್ಟರೆಲ್ಲ ನಿಂತು ನೋಡುತ್ತಿರುವಾಗ ಒಬ್ಬ ಪೆದ್ದ ಶ್ರೀಮಂತ ಹುಡುಗ ನನ್ನನ್ನು ಮದುವೆಯಾಗು ಅನ್ನುತ್ತಾನೆ. ಇವಳು ಅಲ್ಲಿಂದ ಓಡಿಹೋಗಿ ಮೊಲದ ಬಿಲಕ್ಕೆ ಬೀಳುತ್ತಾಳೆ. ಕೊನೆಗೆ ಕವಚ ತೊಟ್ಟು ಕತ್ತಿ ಹಿಡಿದು ಜಬ್ಬರ್‌ವಾಕಿ ಅನ್ನುವ ಭಯಂಕರ ಪ್ರಾಣಿಯ ತಲೆ ತೆಗೆಯುತ್ತಾಳೆ. ತಮಾಷೆ ಅಂದರೆ, ಇವಳು ನಿಜವಾದ ಆಲಿಸ್ ಹೌದೋ ಅಲ್ಲವೋ ಅಂತ ಸಿನಿಮಾದೊಳಗಿನ ಪಾತ್ರಗಳೇ ಅರ್ಧ ಸಿನಿಮಾ ಜಗಳವಾಡುತ್ತವೆ. ನನ್ನ ಮಗಳಿಗೂ ಅದೇ ಅನುಮಾನ.

ನನಗೆ ಎರಡು ವಿಷಯ ತಿಳಿಯಬೇಕು. ಈ ಹುಡುಗಿಯರ ವಯಸ್ಸನ್ನು ಯಾಕೆ ಏರಿಸುತ್ತಾರೆ? ಮತ್ತೆ, ಹುಡುಗಿಯೊಬ್ಬಳು ಬೆಳೆಯುವುದನ್ನು ಚೆನ್ನಾಗಿ ತೋರಿಸಿದ, 11ರ ಮಗು ಕೂತು ನೋಡಬಹುದಾದ ಸಿನಿಮಾ ಯಾವುದಿದೆ?

ಹಳೇರೀಲು:
ಮೊದಲನೆಯದಕ್ಕೆ ಸುಲಭದ ಉತ್ತರ ದುಡ್ಡು. ಏಳು ವರ್ಷದ ಹುಡುಗಿಯ ಸಿನಿಮಾಕ್ಕೆ ಚಿಕ್ಕ ಮಕ್ಕಳು ಮತ್ತು ಅವರನ್ನು ಕರೆತರುವ ಅಪ್ಪ ಅಮ್ಮ ಬರುತ್ತಾರೆ. 19ರ ಹುಡುಗಿಯ ಸಿನಿಮಾಕ್ಕೆ ಕಾಲೇಜಿನವರೂ ಬರುತ್ತಾರೆ. ನೀವು ಹೇಳಿದ ಸಿನಿಮಾ ನೂರು ಕೋಟಿ ಡಾಲರ್ ದಾಟಿತು. ಅದಾದ ಮೇಲೆ ಡಿಸ್ನಿಯವರು ತಮ್ಮ ಹಳೆಯ ಕಾರ್ಟೂನುಗಳನ್ನೆಲ್ಲ ಒಂದೊಂದಾಗಿ ನಟರನ್ನಿಟ್ಟು ಮತ್ತೆ ತೆಗೆಯಲು ಹೊರಟರು. 2016ರಲ್ಲಿ ಇದೇ ಆಲಿಸ್‌ನ ಎರಡನೇ ಭಾಗ ಬಂದು ಮಕಾಡೆ ಮಲಗಿತು, ಅದು ಬೇರೆ ಮಾತು.

ಆದರೆ ವಯಸ್ಸಿನ ಆಟ ಇವತ್ತಿನದಲ್ಲ. ಹಿಂದೆ ತಿರುಗುಮುರುಗಾಗಿಯೂ ಆಡಿದ್ದಾರೆ. 1939ರ ವಿಝರ್ಡ್ ಆಫ್ ಆಝ್ ನೋಡಿ. ಅದರ ನಾಯಕಿ ಡೊರೊತಿಯ ಪಾತ್ರ ಮಾಡಿದ ಜೂಡಿ ಗಾರ್ಲಂಡ್‌ಗೆ ಚಿತ್ರೀಕರಣದ ಹೊತ್ತಿಗೆ 16. ಪಾತ್ರ ಚಿಕ್ಕ ಹುಡುಗಿಯದು. ಅದಕ್ಕೆ ಆ ಹುಡುಗಿಯ ಎದೆಯನ್ನು ಬಿಗಿಯಾಗಿ ಕಟ್ಟಿ ಫ್ರಾಕು ತೊಡಿಸಿದರು. ಒಂದು ಕಾಲದಲ್ಲಿ ಬೆಳೆದ ಹುಡುಗಿಯನ್ನು ಕಟ್ಟಿ ಚಿಕ್ಕವಳನ್ನಾಗಿ ಮಾಡಿದರು. ಇನ್ನೊಂದು ಕಾಲದಲ್ಲಿ ಚಿಕ್ಕವಳನ್ನು ಎಳೆದು ದೊಡ್ಡವಳನ್ನಾಗಿ ಮಾಡಿದರು. ಇದ್ದ ಹಾಗೇ ಇರಲು ಮಾತ್ರ ಬಿಡಲಿಲ್ಲ.

ಅದೇ ಡೊರೊತಿಗೆ ಇನ್ನೊಂದು ಅನ್ಯಾಯವೂ ಆಗಿದೆ. ಫ್ರಾಂಕ್ ಬೌಮ್ ಬರೆದ 1900ರ ಪುಸ್ತಕದಲ್ಲಿ ಡೊರೊತಿ ಹೋಗಿ ಬರುವ ಆಝ್ ನಿಜವಾದ ಊರು. ಸಿನಿಮಾದಲ್ಲಿ ಅದು ತಲೆಗೆ ಪೆಟ್ಟು ಬಿದ್ದವಳ ಕನಸು. ಎದ್ದ ಮೇಲೆ ಅವಳು ಮನೆಗಿಂತ ಚೆಂದದ ಜಾಗ ಇಲ್ಲ ಅನ್ನುತ್ತಾಳೆ. ಬೌಮ್‌ನ ಮುಂದಿನ ಪುಸ್ತಕಗಳಲ್ಲಿ ಆಗುವುದೇ ಬೇರೆ. ತನ್ನೂರು ಕ್ಯಾನ್ಸಸ್‌ನಲ್ಲಿ ಸಾಲ ಮಾಡಿ ಸೋತ ಚಿಕ್ಕಪ್ಪ ಚಿಕ್ಕಮ್ಮನನ್ನೂ ಅವಳೇ ಆಝ್‌ಗೆ ಕರೆದುಕೊಂಡು ಹೋಗಿ ಅಲ್ಲೇ ನೆಲೆಸುತ್ತಾಳೆ. ಮನೆಯವರನ್ನೆಲ್ಲ ದಡ ಸೇರಿಸಿದ ಹುಡುಗಿಯನ್ನು ಸಿನಿಮಾದವರು ಮಂಚದ ಮೇಲೆ ಮಲಗಿಸಿ ಬುದ್ಧಿ ಹೇಳಿಸಿದರು.

ಪಾಪ್‌ಕಾರ್ನ್‌ಪ್ರಿಯ:
ನಾನು 2010ರ ಆಲಿಸ್ ಪರವಾಗಿ ಮಾತಾಡುತ್ತೇನೆ. ಬೈಯುವವರು ಬೈಯಿರಿ. ಅದು ಬಂದಾಗ ನಾನು ಪಿಯುಸಿ. ನನ್ನ ಅಕ್ಕನಿಗೆ ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಆ ತೋಟದ ಔತಣ ಇದೆಯಲ್ಲ, ಅದು ನಮ್ಮ ಹೆಣ್ಣು ನೋಡುವ ಶಾಸ್ತ್ರವೇ. ಉಪ್ಪಿಟ್ಟು ಕೇಸರಿಬಾತ್ ಒಂದೇ ಕಡಿಮೆ. ಅತ್ತೆಯಾಗುವವಳು ತನ್ನ ಮಗನಿಗೆ ಹೊಟ್ಟೆ ಸೂಕ್ಷ್ಮ ಅಂತ ಹೇಳುವುದೂ ಇದೆ! ಎಲ್ಲರಿಗೂ ಉತ್ತರ ಮೊದಲೇ ಗೊತ್ತು. ಹುಡುಗಿ ಬಾಯಿ ತೆರೆದು ಹೂಂ ಅನ್ನುವುದು ಮಾತ್ರ ಬಾಕಿ. ಅವಳು ಎಲ್ಲರ ಮುಂದೆ ವಾಪಸ್ ಬಂದು ನಾನು ನಿನ್ನನ್ನು ಮದುವೆಯಾಗಲ್ಲ ಅಂದಾಗ ಥಿಯೇಟರಿನಲ್ಲಿ ನನ್ನ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

ಏಳು ವರ್ಷದ ಆಲಿಸ್ ಅಕ್ಕನಿಗೆ ಆ ದಿನ ಏನು ಕೊಡುತ್ತಿದ್ದಳು? ಕತೆ ಯಾರಿಗೆ ಬೇಕೋ ಅವರ ವಯಸ್ಸಿಗೆ ಬೆಳೆಯಲಿ ಬಿಡಿ.

ಕರಾವಳಿಕಾಗೆ:
ಅಕ್ಕನ ವಿಷಯ ಒಪ್ಪಿದೆ ಮಾರಾಯ್ರೇ. ಆದರೆ ಅದರ ಮುಂದಿನ ಐದು ನಿಮಿಷ ನೋಡಿದ್ದೀರಾ? ಮದುವೆ ಬೇಡ ಅಂದವಳು ಏನು ಮಾಡುತ್ತಾಳೆ? ತೀರಿಹೋದ ಅಪ್ಪನ ವ್ಯಾಪಾರಕ್ಕೆ ಇಳಿಯುತ್ತಾಳೆ. ಸುಮಾತ್ರಾ, ಬೋರ್ನಿಯೋ ಸಾಲದು, ಚೀನಾಕ್ಕೇ ಹೋಗೋಣ, ಹಾಂಗ್‌ಕಾಂಗ್‌ನಲ್ಲಿ ನಮಗೆ ನೆಲೆ ಇದೆಯಲ್ಲ ಅನ್ನುತ್ತಾಳೆ. ಹಡಗು ಹತ್ತುತ್ತಾಳೆ, ಸಂಗೀತ ಏರುತ್ತದೆ, ನಮಗೆ ರೋಮಾಂಚನ.

ಆ ನೆಲೆ ಸಿಕ್ಕಿದ್ದು ಹೇಗೆ? 1842ರಲ್ಲಿ, ಅಫೀಮು ಯುದ್ಧ ಗೆದ್ದು. ಆ ಕಾಲದ ಬ್ರಿಟಿಷ್ ಹಡಗುಗಳು ಚೀನಾಕ್ಕೆ ಹೊತ್ತು ಹೋಗುತ್ತಿದ್ದ ದೊಡ್ಡ ಸರಕು ಯಾವುದು? ನಮ್ಮ ಬಿಹಾರದಲ್ಲಿ, ಮಾಳವದಲ್ಲಿ ಬೆಳೆದ ಅಫೀಮು. ಹುಡುಗಿ ಸ್ವತಂತ್ರಳಾದಳು, ಸಂತೋಷ. ಯಾವ ಹಡಗಿನಲ್ಲಿ ಅಂತ ಕೇಳಬಾರದಾ?

ಪಾಪ್‌ಕಾರ್ನ್‌ಪ್ರಿಯ:
ಅಯ್ಯೋ. ಇನ್ನು ಮೇಲೆ ಆ ಸೀನ್ ನೆಮ್ಮದಿಯಿಂದ ನೋಡಕ್ಕಾಗಲ್ಲ.

ಟೀಚರಮ್ಮ:
ಕಾಗೆಯವರು ಸಂಭ್ರಮ ಕೆಡಿಸುವುದರಲ್ಲಿ ಪಳಗಿದವರು, ಇರಲಿ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಕತ್ತಿಯ ಬಗ್ಗೆ ಒಂದೆರಡು ಮಾತು.

ಜಬ್ಬರ್‌ವಾಕಿ ಕ್ಯಾರಲ್‌ನ ಎರಡನೇ ಪುಸ್ತಕದಲ್ಲಿ ಬರುವ ಒಂದು ಪದ್ಯ. ಅದರಲ್ಲಿ ಪ್ರಾಣಿಯನ್ನು ಕೊಲ್ಲುವವನು ಒಬ್ಬ ಹುಡುಗ. ಅಪ್ಪ "ಮಗನೇ, ಜೋಕೆ" ಅನ್ನುತ್ತಾನೆ. ಆ ಪುಸ್ತಕದ ಚಿತ್ರಕಾರ ಟೆನಿಯಲ್ ಬರೆದ ಚಿತ್ರದಲ್ಲಿ ಆ ಹುಡುಗನಿಗೆ ಉದ್ದ ಕೂದಲು, ಹಿಂದಿನಿಂದ ನೋಡಿದರೆ ಹುಡುಗಿಯ ಹಾಗೇ ಕಾಣುತ್ತಾನೆ. ಸಿನಿಮಾದವರು ಆ ಹುಡುಗನ ಕತ್ತಿಯನ್ನು ಆಲಿಸ್ ಕೈಗೆ ಕೊಟ್ಟರು. ಹುಡುಗಿ ಬೆಳೆದಳು ಅಂತ ತೋರಿಸಲು ಹುಡುಗನ ಕತೆಯನ್ನು ಕಡ ತಂದರು.

ಪುಸ್ತಕದ ಆಲಿಸ್ ಬೆಳೆಯುವುದು ಹೇಗೆ? ನಿಜವಾಗಿಯೇ ಬೆಳೆಯುತ್ತಾಳೆ, ಮೈಯಲ್ಲಿ! ಕುಡಿದರೆ ಗಿಡ್ಡ, ತಿಂದರೆ ಉದ್ದ. ಒಮ್ಮೆ ಮನೆಯೊಳಗೆ ಹಿಡಿಸದೆ ಕಿಟಕಿಯಿಂದ ಕೈ ಹೊರಗೆ ಹಾಕಿ ಕೂರುತ್ತಾಳೆ. ಕಂಬಳಿಹುಳು ನೀನು ಯಾರು ಅಂತ ಕೇಳಿದರೆ, ಬೆಳಿಗ್ಗೆ ಎದ್ದಾಗ ಯಾರಾಗಿದ್ದೆ ಅಂತ ಗೊತ್ತು, ಆಮೇಲೆ ಎಷ್ಟೋ ಸಲ ಬದಲಾಗಿದ್ದೇನೆ ಅನ್ನುವಂಥ ಉತ್ತರ ಕೊಡುತ್ತಾಳೆ. ಆರನೇ ಏಳನೇ ಕ್ಲಾಸಿನ ಹುಡುಗಿಯರ ನಡುವೆ ಇದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ರಜೆ ಮುಗಿಸಿ ಬರುವಾಗ ಸಮವಸ್ತ್ರ ಗಿಡ್ಡವಾಗಿರುತ್ತದೆ. ಕೈಕಾಲು ಎಲ್ಲಿ ಇಡಬೇಕು ಅಂತ ಗೊತ್ತಿರುವುದಿಲ್ಲ. ಕೊನೆಗೆ ರಾಣಿಯ ನ್ಯಾಯಾಲಯದಲ್ಲಿ ಆಲಿಸ್ ಏನೂ ತಿನ್ನದೆ ತಾನಾಗಿಯೇ ಬೆಳೆಯಲು ಶುರು ಮಾಡುತ್ತಾಳೆ. ಪೂರ್ತಿ ಎತ್ತರ ಆದ ಮೇಲೆ, ನೀವೆಲ್ಲ ಬರೀ ಇಸ್ಪೀಟು ಎಲೆಗಳು ಅನ್ನುತ್ತಾಳೆ. ಅಷ್ಟೇ. ಕತ್ತಿ ಗಿತ್ತಿ ಏನೂ ಬೇಕಾಗಲಿಲ್ಲ.

ಮಲ್ಲಿಗೆದಂಡೆ, ನಿಮ್ಮ ಮಗಳಿಗೆ ಕನ್ನಡದಲ್ಲೂ ಓದಿಸಿ. ನಾ. ಕಸ್ತೂರಿಯವರು ಇದನ್ನು "ಪಾತಾಳದಲ್ಲಿ ಪಾಪಚ್ಚಿ" ಅಂತ ಕನ್ನಡಕ್ಕೆ ತಂದಿದ್ದಾರೆ. ಹೆಸರೇ ಎಷ್ಟು ಮುದ್ದಾಗಿದೆ ನೋಡಿ. ಪಾಪಚ್ಚಿಯ ಕೈಗೆ ಯಾರಾದರೂ ಕತ್ತಿ ಕೊಡುತ್ತಾರಾ?

ಬಾಸ್ಟನ್‌ಚಳಿ:
ಟೀಚರಮ್ಮ, ನಿಮ್ಮ ಮಾತು ಓದಿ ಲಿಟಲ್ ವಿಮೆನ್ ನೆನಪಾಯಿತು. ಅಲ್ಲಿ ರಾಕ್ಷಸರಿಲ್ಲ, ಕತ್ತಿಯೂ ಇಲ್ಲ. ನಾಲ್ಕು ಜನ ಅಕ್ಕತಂಗಿಯರು, ಯುದ್ಧಕ್ಕೆ ಹೋದ ಅಪ್ಪ, ಕೈಯಲ್ಲಿ ಕಾಸಿಲ್ಲ. ಎರಡನೆಯವಳು ಜೋ ತನ್ನ ಕೂದಲು ಕತ್ತರಿಸಿ 25 ಡಾಲರಿಗೆ ಮಾರಿ ಬರುತ್ತಾಳೆ. ರಾತ್ರಿ ಮುಸುಕು ಹಾಕಿಕೊಂಡು ಅಳುತ್ತಾಳೆ, ಅಪ್ಪನಿಗಾಗಿ ಅಲ್ಲ, ಕೂದಲಿಗಾಗಿ. ಬೆಳೆಯುವುದು ಅಂದರೆ ನನಗೆ ಆ ಸೀನೇ.

ನಾವು ಇರುವ ಕಡೆಯಿಂದ ಕಾಂಕರ್ಡ್ ಹತ್ತಿರ. ಊರಿಂದ ಯಾರೇ ಬಂದರೂ ಅಲ್ಲಿ ಲಿಟಲ್ ವಿಮೆನ್ ಬರೆದ ಲೂಯಿಸಾ ಆಲ್ಕಾಟ್ ಇದ್ದ ಆರ್ಚರ್ಡ್ ಹೌಸ್‌ಗೆ ಕರೆದುಕೊಂಡು ಹೋಗುತ್ತೇವೆ. ಅವರ ಕೋಣೆಯಲ್ಲಿ ಎರಡು ಕಿಟಕಿಗಳ ನಡುವೆ ಗೋಡೆಗೆ ಹೊಂದಿಸಿದ ಅರ್ಧಚಂದ್ರದ ಆಕಾರದ ಒಂದು ಪುಟ್ಟ ಮೇಜು ಇದೆ. ಅವರ ಅಪ್ಪ ಮಾಡಿಕೊಟ್ಟದ್ದು. ನಮ್ಮಮ್ಮ ಅದನ್ನು ನೋಡಿ, "ಇಷ್ಟೇನಾ? ನಮ್ಮನೆ ರೊಟ್ಟಿ ಮಣೆ ಇದಕ್ಕಿಂತ ದೊಡ್ಡದು" ಅಂದರು. ಅಷ್ಟು ಜಾಗದಲ್ಲಿ 1868ರಲ್ಲಿ ಆ ಪುಸ್ತಕ ಬರೆದದ್ದು.

ವಯಸ್ಸಿನ ಆಟ ಇಲ್ಲೂ ಇದೆ ನೋಡಿ. 1949ರ ಸಿನಿಮಾದಲ್ಲಿ ಕಿರಿಯವಳು ಏಮಿಯ ಪಾತ್ರ ಎಲಿಝಬೆತ್ ಟೇಲರ್‌ಗೆ ಸಿಕ್ಕಿತು. ಅವಳ ಪಕ್ಕದಲ್ಲಿ ಮೂರನೆಯವಳು ಬೆತ್‌ಳ ಪಾತ್ರ ಮಾಡಿದ ಹುಡುಗಿ ಚಿಕ್ಕವಳು. ಅದಕ್ಕೆ ಬೆತ್‌ಳನ್ನೇ ಕೊನೆಯ ತಂಗಿ ಮಾಡಿಬಿಟ್ಟರು! 1994ರಲ್ಲಿ ಜಿಲಿಯನ್ ಆರ್ಮ್‌ಸ್ಟ್ರಾಂಗ್ ಬುದ್ಧಿವಂತಿಕೆ ಮಾಡಿ ಏಮಿಗೆ ಇಬ್ಬರನ್ನು ಹಾಕಿದರು. ಚಿಕ್ಕವಳಾಗಿ ಕರ್ಸ್ಟನ್ ಡನ್ಸ್ಟ್, ದೊಡ್ಡವಳಾಗಿ ಸಮಂತಾ ಮ್ಯಾಥಿಸ್. 2019ರಲ್ಲಿ ಗ್ರೆಟಾ ಗರ್ವಿಗ್ ಮತ್ತೆ ಒಬ್ಬಳಿಗೇ ಬಂದರು. ಇಪ್ಪತ್ತು ದಾಟಿದ ಫ್ಲಾರೆನ್ಸ್ ಪ್ಯೂ ಶಾಲೆಯ ಬೆಂಚಿನಲ್ಲಿ ಕೂತು ಮೇಷ್ಟ್ರ ಹತ್ತಿರ ಏಟು ತಿನ್ನುತ್ತಾಳೆ. ನಟನೆ ಅದ್ಭುತ. ಆದರೆ ಕಣ್ಣು ಒಪ್ಪುವುದಿಲ್ಲ.

ಹಾಗಿದ್ದರೂ ಗರ್ವಿಗ್ ಸಿನಿಮಾವೇ ನನಗೆ ಹೆಚ್ಚು ಇಷ್ಟ. ಆಲ್ಕಾಟ್‌ಗೆ ಜೋಗೆ ಮದುವೆ ಮಾಡಿಸುವ ಮನಸ್ಸೇ ಇರಲಿಲ್ಲ. ಓದುಗರು ಬಿಡಲಿಲ್ಲ. ಅವರು ಸ್ವತಃ ಕೊನೆವರೆಗೂ ಮದುವೆಯಾಗಲಿಲ್ಲ. ಸಿನಿಮಾದಲ್ಲಿ ಜೋ ಪ್ರಕಾಶಕನ ಮುಂದೆ ಕೂತು ಚೌಕಾಸಿ ಮಾಡುತ್ತಾಳೆ. ಕತೆಯ ಹುಡುಗಿಗೆ ಮದುವೆ ಬೇಕೇ ಬೇಕು ಅಂತ ಅವನ ಹಟ. ಸರಿ, ಮಾಡಿಸುತ್ತೇನೆ, ಆದರೆ ಪುಸ್ತಕದ ಹಕ್ಕು ನನ್ನದೇ ಅನ್ನುತ್ತಾಳೆ. ಮಳೆಯಲ್ಲಿ ಕೊಡೆ ಹಿಡಿದು ಮುತ್ತು ಕೊಡುವ ಸೀನು ಬರುತ್ತದೆ, ಅದು ನಡೆದದ್ದೋ ಅವಳು ಬರೆದದ್ದೋ ಅಂತ ನಮಗೇ ಬಿಡುತ್ತಾರೆ. ಕೊನೆಗೆ ಗಾಜಿನಾಚೆ ನಿಂತು ತನ್ನ ಪುಸ್ತಕ ಅಚ್ಚಾಗಿ, ಹೊಲಿದು, ಬೈಂಡ್ ಆಗುವುದನ್ನು ನೋಡುತ್ತಾಳೆ. ಹಸುಗೂಸನ್ನು ಎತ್ತಿಕೊಂಡ ಹಾಗೆ ಅದನ್ನು ಅಪ್ಪಿಕೊಳ್ಳುತ್ತಾಳೆ.

11ಕ್ಕೆ 1994ರದ್ದು ತೋರಿಸಿ. 2019ರದ್ದು ಹಿಂದೆ ಮುಂದೆ ಓಡುತ್ತದೆ, ಕತೆ ಗೊತ್ತಿಲ್ಲದವರಿಗೆ ಗೋಜಲು.

ಮಲ್ಲಿಗೆದಂಡೆ:
ಬರೆದುಕೊಂಡೆ. ಭಾರತದ ಸಂಬಂಧ ಇರುವ ಎರಡು ಕತೆ ಇವೆಯಲ್ಲ, ಸೀಕ್ರೆಟ್ ಗಾರ್ಡನ್ ಮತ್ತು ಎ ಲಿಟಲ್ ಪ್ರಿನ್ಸೆಸ್? ಎರಡೂ ನಾನು ಹೈಸ್ಕೂಲಿನಲ್ಲಿ ಓದಿದ್ದು. ಸಿನಿಮಾ ಹೇಗಿವೆ?

ಹಳೇರೀಲು:
ಎರಡೂ ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್ ಅವರದು. 1905ರದ್ದು ಪ್ರಿನ್ಸೆಸ್, 1911ರದ್ದು ಗಾರ್ಡನ್. ಎರಡರಲ್ಲೂ ಭಾರತದಿಂದ ಇಂಗ್ಲೆಂಡಿಗೆ ಬರುವ ಬಿಳಿ ಹುಡುಗಿ. ಒಬ್ಬಳು ಹುಟ್ಟಾ ಒಳ್ಳೆಯವಳು, ಇನ್ನೊಬ್ಬಳು ಸಿಡುಕು ಮೂತಿ.

ಅಲ್ಫಾನ್ಸೊ ಕ್ವಾರಾನ್ 1995ರಲ್ಲಿ ಪ್ರಿನ್ಸೆಸ್ ಮಾಡಿದರು. ಲಂಡನ್ ಬಿಟ್ಟು ನ್ಯೂಯಾರ್ಕ್, ಕಾಲ ಮೊದಲ ಮಹಾಯುದ್ಧ. ಕಣ್ಣಿಗೆ ಹಬ್ಬ. ಇಡೀ ಶಾಲೆ ಹಸಿರು ಬಣ್ಣದಲ್ಲಿ ಮುಳುಗಿದೆ, ಭಾರತ ಬಂದರೆ ಹಳದಿ ಕೇಸರಿ. ನಾಯಕಿ ಸಾರಾ ರಾತ್ರಿ ಹೊತ್ತು ಉಳಿದ ಹುಡುಗಿಯರಿಗೆ ಕತೆ ಹೇಳುತ್ತಾಳೆ. ಯಾವ ಕತೆ? ರಾಮಾಯಣ! ಬರ್ನೆಟ್ ಪುಸ್ತಕದಲ್ಲಿ ಇದಿಲ್ಲ, ಕ್ವಾರಾನ್ ಸೇರಿಸಿದ್ದು. ಸಾರಾಳ ಅಪ್ಪನ ಪಾತ್ರ ಮಾಡಿದ ನಟನೇ ರಾಮ. ತಾನು ಸೀತೆಯ ಹಾಗೆ ಸಿಕ್ಕಿಬಿದ್ದಿದ್ದೇನೆ, ಅಪ್ಪ ಬಂದು ಬಿಡಿಸುತ್ತಾನೆ ಅಂತ ಹುಡುಗಿಯ ಮನಸ್ಸಿನಲ್ಲಿರುವುದು ಹೇಳದೆಯೇ ತಿಳಿಯುತ್ತದೆ.

ಆದರೆ ಅಲ್ಲೇ ನನ್ನ ತಕರಾರೂ ಇದೆ. ಪುಸ್ತಕದಲ್ಲಿ ಅಪ್ಪ ಸತ್ತೇ ಹೋಗುತ್ತಾನೆ. ಸಾರಾ ಅಟ್ಟದ ಕೋಣೆಗೆ ಬೀಳುತ್ತಾಳೆ, ಹಸಿಯುತ್ತಾಳೆ. ಬೀದಿಯಲ್ಲಿ ಬಿದ್ದ ಒಂದು ನಾಣ್ಯ ಸಿಕ್ಕಿ ಆರು ಬನ್ನು ಕೈಗೆ ಬರುತ್ತವೆ. ತನಗಿಂತ ಹಸಿದ ಇನ್ನೊಂದು ಹುಡುಗಿಗೆ ಐದು ಕೊಟ್ಟುಬಿಡುತ್ತಾಳೆ. ಒಂದೊಂದಾಗಿ ಕೊಡುವಾಗ ಅವಳ ಕೈ ನಡುಗುತ್ತದೆ. ಅಪ್ಪ ಬರುವುದಿಲ್ಲ ಅಂತ ಗೊತ್ತಿದ್ದೂ ಹಾಗೆ ನಡೆದುಕೊಂಡಳು ಅನ್ನುವುದೇ ಅದರ ತೂಕ. ಸಿನಿಮಾದಲ್ಲಿ ಅಪ್ಪ ಬದುಕಿದ್ದಾನೆ, ನೆನಪು ಕಳೆದುಕೊಂಡು ಪಕ್ಕದ ಮನೆಯಲ್ಲೇ ಇದ್ದಾನೆ. 1939ರಲ್ಲಿ ಶರ್ಲಿ ಟೆಂಪಲ್ ಮಾಡಿದ ಸಿನಿಮಾದಲ್ಲೂ ಅಪ್ಪನನ್ನು ಬದುಕಿಸಿದ್ದರು. ಹುಡುಗಿಗೆ ಕತ್ತಿ ಕೊಡದಿದ್ದರೆ ಅಪ್ಪನನ್ನು ಕೊಡುತ್ತಾರೆ. ಬರಿಗೈಯಲ್ಲಿ ಬೆಳೆಯಲು ಬಿಡುವುದಿಲ್ಲ.

ಕರಾವಳಿಕಾಗೆ:
ಆ ರಾಮಾಯಣದಲ್ಲಿ ಲಕ್ಷ್ಮಣನೇ ಇಲ್ಲ, ಗಮನಿಸಿದಿರಾ? ಗೆರೆ ಎಳೆಯುವವನೂ ರಾಮನೇ. ನಮ್ಮ ಮನೆಯಲ್ಲಿ ಅಜ್ಜಿ ನೋಡಿ, "ಪಾಪ, ಇವನಿಗೆ ತಮ್ಮ ಇಲ್ಲವಾ" ಅಂತ ಕೇಳಿದ್ದರು. ಯಕ್ಷಗಾನ ನೋಡಿದ ಕಣ್ಣಲ್ವಾ.

ಟೀಚರಮ್ಮ:
ಸೀಕ್ರೆಟ್ ಗಾರ್ಡನ್ ಬಗ್ಗೆ ನಾನು ಹೇಳುತ್ತೇನೆ. ಅದರ ನಾಯಕಿ ಮೇರಿ ನನಗೆ ಬಲು ಇಷ್ಟದ ಹುಡುಗಿ, ಯಾಕೆಂದರೆ ಅವಳು ಕೆಟ್ಟವಳು. ಭಾರತದಲ್ಲಿ ಅವಳನ್ನು ಅಪ್ಪನೂ ನೋಡಲಿಲ್ಲ, ಅಮ್ಮನೂ ನೋಡಲಿಲ್ಲ. ಬೆಳೆಸಿದ್ದು ಆಯಾ. ಆ ಆಯಾಗೇ ಇವಳು ಹೊಡೆಯುತ್ತಾಳೆ, ಬಾಯಿಗೆ ಬಂದ ಹಾಗೆ ಬೈಯುತ್ತಾಳೆ. ಕಾಲರಾ ಬಂದಾಗ ಮೊದಲು ಸಾಯುವವರಲ್ಲಿ ಆ ಆಯಾ ಒಬ್ಬಳು. ಪುಸ್ತಕ ಅವಳಿಗೆ ಒಂದು ಹೆಸರೂ ಕೊಡುವುದಿಲ್ಲ. ನಮ್ಮವರು ಓದುವಾಗ ಅದು ಚುಚ್ಚಬೇಕು.

ಇತ್ತೀಚಿನ ಸಿನಿಮಾದವರು ಆ ಭಾಗವನ್ನು ಇದ್ದ ಹಾಗೇ ಬಿಡುವುದಿಲ್ಲ. 1993ರಲ್ಲಿ ನಿರ್ದೇಶಕಿ ಅಗ್ನಿಯೆಷ್ಕಾ ಹಾಲೆಂಡ್ ಕಾಲರಾ ಬದಲು ಭೂಕಂಪ ಮಾಡಿದರು. 2020ರ ಸಿನಿಮಾ ಕತೆಯನ್ನು 1947ಕ್ಕೆ ತಂದು ದೇಶವಿಭಜನೆಯ ಗಲಭೆಯ ನಡುವೆ ಮೇರಿಯನ್ನು ನಿಲ್ಲಿಸಿತು. ಅಷ್ಟು ದೊಡ್ಡ ನೋವನ್ನು ತಂದು ಐದು ನಿಮಿಷದಲ್ಲಿ ಬಿಟ್ಟುಬಿಟ್ಟರು. ತೋಟವೋ ಕಂಪ್ಯೂಟರಿನಲ್ಲಿ ಬೆಳೆದ ಕಾಡು. ಕಳೆ ಕೀಳುವ ಕೆಲಸವೇ ಕಾಣುವುದಿಲ್ಲ. ಕಳೆ ಕೀಳದೆ ಮೇರಿ ಎಲ್ಲಿಂದ ಬದಲಾಗಬೇಕು?

1993ರದ್ದು ನೋಡಿ. ಇನ್ನೊಂದು ಕಾರಣವೂ ಇದೆ. ಪುಸ್ತಕದ ಕೊನೆಗೆ ಬರ್ನೆಟ್ ಅವರೇ ಮೇರಿಯನ್ನು ಮರೆತರು. ಕಾಯಿಲೆಯ ಹುಡುಗ ಕಾಲಿನ್ ಎದ್ದು ನಡೆದ, ಅಪ್ಪ ಬಂದ, ಎಲ್ಲರೂ ಅವನನ್ನೇ ನೋಡಿದರು. ಮುಚ್ಚಿಟ್ಟ ತೋಟದ ಬೀಗದಕೈ ಹುಡುಕಿದವಳು, ಬಾಗಿಲು ತೆರೆದವಳು ಎಲ್ಲಿ? ಹಾಲೆಂಡ್ ಇದನ್ನು ಕಂಡುಕೊಂಡಿದ್ದಾರೆ. ಅಪ್ಪ ಮಗ ತಬ್ಬಿಕೊಂಡಾಗ ಮೇರಿ ದೂರ ಓಡಿಹೋಗಿ, ನಾನು ಯಾರಿಗೂ ಬೇಡ ಅಂತ ಅಳುತ್ತಾಳೆ. ಅಲ್ಲಿವರೆಗೆ ಅವಳಿಗೆ ಅಳುವುದಕ್ಕೇ ಬರುತ್ತಿರಲಿಲ್ಲ. ದೊಡ್ಡಪ್ಪ, ಅಂದರೆ ಕಾಲಿನ್‌ನ ಅಪ್ಪ, ಅವಳ ಹತ್ತಿರ ಬರುತ್ತಾನೆ. ಹೊಸದಾಗಿ ಕತೆ ಹೇಳುವವರು ಹಳೆಯ ಕತೆಯ ಸಾಲ ತೀರಿಸುವುದು ಅಂದರೆ ಇದು.

ಕಳಲೆಪಲ್ಯ:
ಎಲ್ಲರೂ ಇಂಗ್ಲಿಷ್ ಕತೆಗಳ ಹಿಂದೆಯೇ ಬಿದ್ದಿದ್ದೀರಿ. ನಾನು ಮಲೆನಾಡಿನವನು, ಜಪಾನಿಗೆ ಕರೆದುಕೊಂಡು ಹೋಗುತ್ತೇನೆ. ಇಸಾವೊ ತಕಹಾತಾ ಅವರ 2013ರ ಸಿನಿಮಾ, ರಾಜಕುಮಾರಿ ಕಾಗುಯಾಳ ಕತೆ. ಮೂಲ ಸಾವಿರ ವರ್ಷದಷ್ಟು ಹಳೆಯದು. ಬಿದಿರು ಕಡಿಯುವ ಮುದುಕನಿಗೆ ಬಿದಿರ ಮೊಳಕೆಯೊಳಗೆ ಬೆರಳುದ್ದದ ಹುಡುಗಿ ಸಿಗುತ್ತಾಳೆ. ನೋಡನೋಡುತ್ತಲೇ ಬೆಳೆಯುತ್ತಾಳೆ. ಊರ ಹುಡುಗರು ಅವಳನ್ನು ಟಾಕೆನೊಕೊ ಅಂತ ಕೂಗುತ್ತಾರೆ. ಹಾಗಂದರೆ ಕಳಲೆ! ನಾನು ಈ ಹೆಸರು ಇಟ್ಟುಕೊಂಡು ಹತ್ತು ವರ್ಷವಾಯಿತು, ನನಗೆ ಎಷ್ಟು ಸಂತೋಷ ಆಗಿರಬೇಕು ಯೋಚಿಸಿ.

ಮುದುಕನಿಗೆ ಬಿದಿರಿನಲ್ಲಿ ಚಿನ್ನ, ರೇಷ್ಮೆ ಎಲ್ಲ ಸಿಗುತ್ತದೆ. ಮಗಳನ್ನು ರಾಜಕುಮಾರಿ ಮಾಡಬೇಕು ಅಂತ ರಾಜಧಾನಿಗೆ ಕರೆದೊಯ್ಯುತ್ತಾನೆ. ಕೆಟ್ಟವನಲ್ಲ, ಪ್ರೀತಿಯಿಂದಲೇ. ಅಲ್ಲಿ ಒಬ್ಬಳು ಶಿಕ್ಷಕಿ ಬಂದು ಹುಬ್ಬು ಕೀಳಬೇಕು, ಹಲ್ಲಿಗೆ ಕಪ್ಪು ಬಳಿಯಬೇಕು ಅನ್ನುತ್ತಾಳೆ. ಹುಬ್ಬು ಇಲ್ಲದಿದ್ದರೆ ಬೆವರು ಕಣ್ಣಿಗೆ ಇಳಿಯುತ್ತದಲ್ಲ ಅಂತ ಇವಳು. ರಾಜಕುಮಾರಿ ಬೆವರುವುದಿಲ್ಲ ಅಂತ ಅವಳು. ಆಮೇಲೆ ನಾಮಕರಣದ ಔತಣ. ಮೂರು ದಿನ ಊರೆಲ್ಲ ಉಣ್ಣುತ್ತದೆ, ಕುಡಿಯುತ್ತದೆ. ಹುಡುಗಿ ಪರದೆಯ ಹಿಂದೆ ಅಲಂಕಾರ ಮಾಡಿಕೊಂಡು ಸುಮ್ಮನೆ ಕೂತಿರಬೇಕು. ಕುಡಿದವರು ಹೊರಗಿನಿಂದ ಅವಳ ಬಗ್ಗೆ ಹಗುರವಾಗಿ ಮಾತಾಡುತ್ತಾರೆ. ಅವಳು ಎದ್ದು ಓಡುತ್ತಾಳೆ. ಅಲ್ಲಿವರೆಗೆ ತೆಳು ನೀರುಬಣ್ಣದಲ್ಲಿದ್ದ ಚಿತ್ರ ಒಮ್ಮೆಲೇ ಇದ್ದಿಲಿನ ಗೀಚು ಆಗಿಬಿಡುತ್ತದೆ. ಬಟ್ಟೆ ಒಂದೊಂದೇ ಕಳಚಿ ಬೀಳುತ್ತದೆ, ಹುಡುಗಿ ಬರೀ ಗೆರೆಗಳಾಗಿ ಓಡುತ್ತಾಳೆ. ಒಂದೆರಡು ನಿಮಿಷ ಅಷ್ಟೇ. ಎದೆ ಹೊಡೆದುಕೊಳ್ಳುತ್ತದೆ.

ಟೀಚರಮ್ಮ:
ಕಳಲೆಯವರೇ, ನೀವು ಹೇಳಿದ ಔತಣ ನನಗೆ ಚೆನ್ನಾಗಿ ಗೊತ್ತು. ನನಗೂ ಮಾಡಿದ್ದರು.

ನಾವೆಲ್ಲ ಮೇಲಿನಿಂದ "ದೊಡ್ಡವಳಾಗುವುದು" ಅಂತ ಬರೆಯುತ್ತಿದ್ದೇವೆ. ಕನ್ನಡದಲ್ಲಿ ಹುಡುಗಿ ದೊಡ್ಡವಳಾದಳು ಅಂದರೆ ಅರ್ಥ ಒಂದೇ ಅಲ್ವಾ? ಮೈನೆರೆದಳು ಅಂತ. ನನಗೆ ಆಗ 12. ಹೊಸ ಸೀರೆ ಉಡಿಸಿ, ಮಣೆ ಮೇಲೆ ಕೂರಿಸಿ, ಆರತಿ ಎತ್ತಿದರು. ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ ತಿನ್ನಲು ಕೊಟ್ಟರು. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ನಾನು ತಲೆ ತಗ್ಗಿಸಿ ಕೂತಿದ್ದೆ. ದೊಡ್ಡವಳಾದದ್ದು ನಾನು, ಆದರೆ ಅದರಲ್ಲಿ ನಾನು ಮಾಡಿದ್ದು ಏನೂ ಇರಲಿಲ್ಲ. ಮರುದಿನದಿಂದ ಕುಂಟೆಬಿಲ್ಲೆ ಬಂದ್.

ಅದಕ್ಕೇ ನನಗೆ ಕತ್ತಿಯ ಸಿನಿಮಾಗಳು ನಂಬಿಕೆ ಹುಟ್ಟಿಸುವುದಿಲ್ಲ. ದೊಡ್ಡವಳಾಗುವುದು ಹುಡುಗಿ ಹೊರಟು ಗೆದ್ದು ತರುವುದಲ್ಲ. ಅವಳ ಮೇಲೆ ಬಂದು ಬೀಳುವುದು. ಬಿದ್ದ ಮೇಲೆ ಅವಳು ಏನು ಮಾಡಿದಳು ಅನ್ನುವುದು ಕತೆ. ಇದನ್ನು ಬಲ್ಲ ಒಂದು ಕತೆ ನಮ್ಮಲ್ಲೇ ಇದೆ. ಎ. ಕೆ. ರಾಮಾನುಜನ್ ಕನ್ನಡದ ಹೆಂಗಸರಿಂದ ಕೇಳಿ ಬರೆದುಕೊಂಡ ಹೂವಿನ ಮರದ ಕತೆ. ಬಡವಿಯ ಕಿರಿ ಮಗಳು ಅಕ್ಕನಿಗೆ ಹೇಳುತ್ತಾಳೆ: ಎರಡು ಕೊಡ ನೀರು ತಾ, ಉಗುರು ತಾಗಿಸಬೇಡ. ಒಂದು ಕೊಡ ನನ್ನ ಮೇಲೆ ಹಾಕು, ಮರವಾಗುತ್ತೇನೆ. ಎಲೆ ಚಿಗುರು ಮುರಿಯದ ಹಾಗೆ ಹೂ ಕಿತ್ತುಕೋ. ಇನ್ನೊಂದು ಕೊಡ ಹಾಕು, ಮತ್ತೆ ಹುಡುಗಿಯಾಗುತ್ತೇನೆ. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ನೋಡಿ ಮದುವೆಯಾಗುತ್ತಾನೆ. ಅವನ ತಂಗಿ ಗೆಳತಿಯರ ಮುಂದೆ ಮರವಾಗು ಅಂತ ಪೀಡಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು ಹೂ ಬಾಚಿಕೊಂಡು, ನೀರನ್ನು ಅರೆಬರೆ ಎರಚಿ ಓಡುತ್ತಾರೆ. ಕೈಯಿಲ್ಲ, ಕಾಲಿಲ್ಲ, ಬರೀ ಮುಂಡವಾಗಿ ಉಳಿಯುತ್ತಾಳೆ. ಪುಷ್ಪವತಿ ಅಂದರೆ ಏನು ಅಂತ ಗೊತ್ತಿದ್ದವರಿಗೆ ಈ ಕತೆ ಯಾವುದರ ಬಗ್ಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾಮಾನುಜನ್ ಅವರೇ ಈ ಮಾತು ಎತ್ತಿದ್ದಾರೆ.

ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು "ಚೆಲುವಿ" ಅಂತ ಹಿಂದಿಯಲ್ಲಿ ಸಿನಿಮಾ ಮಾಡಿದರು. ಸೋನಾಲಿ ಕುಲಕರ್ಣಿಗೆ ಅದೇ ಮೊದಲನೆಯದು. ಊರ ಗೌಡನ ಪಾತ್ರ ಕಾರ್ನಾಡರದೇ. ಜನಪದ ಕತೆಯಲ್ಲಿ ಗಂಡ ಕೊನೆಗೆ ಅವಳನ್ನು ಕಂಡು, ಮುರಿದ ಕೊಂಬೆಗಳನ್ನು ಜೋಡಿಸಿ, ನೀರು ಹಾಕಿ ಅವಳನ್ನು ಮೊದಲಿನ ಹಾಗೆ ಮಾಡುತ್ತಾನೆ. ಕಾರ್ನಾಡರು ಹಾಗೆ ಮುಗಿಸಲಿಲ್ಲ. ಸಿನಿಮಾದಲ್ಲಿ ಅವಳು ಸರಿಹೋಗುವುದಿಲ್ಲ. ಪರಿಸರದ ವಿಷಯಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಪಾಪ್‌ಕಾರ್ನ್‌ಪ್ರಿಯ:
ಟೀಚರಮ್ಮ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. 11ರ ಮಗುವಿಗೆ ಕೈಕಾಲಿಲ್ಲದ ಹುಡುಗಿಯ ಕತೆಯಾ? ನನ್ನ ಆಲಿಸ್‌ಗೆ ಕತ್ತಿ ಇದ್ದದ್ದೇ ವಾಸಿ. ಅವಳು ಗೆಲ್ಲುತ್ತಾಳೆ. ಗೆಲ್ಲುವ ಹುಡುಗಿಯನ್ನು ನೋಡುವ ಆಸೆ ತಪ್ಪಾ?

ಟೀಚರಮ್ಮ:
ತಪ್ಪಲ್ಲಪ್ಪ. ನಿಮ್ಮ ಅಕ್ಕ ಕೈ ಹಿಡಿದುಕೊಂಡದ್ದು ಕತ್ತಿ ಎತ್ತಿದಾಗಲಾ, ಮದುವೆ ಬೇಡ ಅಂದಾಗಲಾ?

ಪಾಪ್‌ಕಾರ್ನ್‌ಪ್ರಿಯ:
ಬೇಡ ಅಂದಾಗ. ಸರಿ, ಒಂದು ಪಾಯಿಂಟ್ ನಿಮಗೆ. ಆದರೆ ಕಾರ್ನಾಡರ ಕೊನೆ ನನಗೆ ಒಪ್ಪಿಗೆ ಇಲ್ಲ. ಅಜ್ಜಿಯರು ಅವಳನ್ನು ಸರಿಮಾಡಿ ಕಳಿಸಿದ್ದರಲ್ಲ. ಸಿನಿಮಾದವರು ಯಾಕೆ ಮುರಿದು ಇಡಬೇಕು?

ಟೀಚರಮ್ಮ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನಗೂ ಅಜ್ಜಿಯರ ಕೊನೆಯೇ ಇಷ್ಟ. ಕಾಡೇ ಉಳಿಯದ ಕಾಲದಲ್ಲಿ ಅವಳೊಬ್ಬಳು ಹೇಗೆ ಚಿಗುರುತ್ತಾಳೆ ಅಂತ ಕಾರ್ನಾಡರು ಕೇಳಿದರು ಅನ್ನಿಸುತ್ತದೆ. ಅದು ಮರದ ಬಗ್ಗೆ ಸರಿ, ಹುಡುಗಿಯ ಬಗ್ಗೆ ಸ್ವಲ್ಪ ಕ್ರೂರ.

ಹಳೇರೀಲು:
ಮಲ್ಲಿಗೆದಂಡೆ ಅವರಿಗೆ ಒಂದು ಎಚ್ಚರಿಕೆ. ಈ ವಿಷಯ ಹುಡುಕುತ್ತಾ ಹೋದರೆ ನೀಲ್ ಜೋರ್ಡನ್‌ನ 1984ರ ಕಂಪನಿ ಆಫ್ ವುಲ್ವ್ಸ್ ಸಿಗುತ್ತದೆ. ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕತೆಯೇ. ಹುಬ್ಬು ಕೂಡಿದ ಗಂಡಸರನ್ನು ನಂಬಬೇಡ ಅಂತ ಅಜ್ಜಿ ಹೇಳುತ್ತಿರುತ್ತಾಳೆ. ಟೀಚರಮ್ಮ ಹೇಳಿದ ದೊಡ್ಡವಳಾಗುವುದೇ ಅದರ ವಸ್ತು. ಮನುಷ್ಯ ಚರ್ಮ ಸುಲಿದುಕೊಂಡು ತೋಳವಾಗುವ ಸೀನ್ ಇದೆ. ಮಕ್ಕಳು ಮಲಗಿದ ಮೇಲೆ ನೀವು ನೋಡಿ.

ಮಲ್ಲಿಗೆದಂಡೆ:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

1993ರ ಸೀಕ್ರೆಟ್ ಗಾರ್ಡನ್ ಮೊದಲು ನೋಡಿದೆವು. ಮೇರಿ ಬೂಟು ಹಾಕಿಸಿಕೊಳ್ಳಲು ಕಾಲು ಚಾಚಿ ನಿಂತದ್ದಕ್ಕೆ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ "ಆಯಾ ಮನೆಯಲ್ಲೂ ಮಕ್ಕಳು ಇದ್ದರಾ?" ಅಂತ ಕೇಳಿದಳು. ಅದಕ್ಕೆ ನಾನು ಏನು ಹೇಳಲಿ? ಇದ್ದಿರಬಹುದು ಅಂದೆ.

ಕಾಗುಯಾ ಮೂರು ರಾತ್ರಿ ಹಂಚಿಕೊಂಡು ನೋಡಿದೆವು. ಓಡುವ ಸೀನನ್ನು ನಾಲ್ಕು ಸಲ ಹಿಂದಕ್ಕೆ ಹಾಕಿಸಿದಳು. ಕೊನೆಗೆ ಚಂದ್ರನಿಂದ ಬಂದವರು ನಗುನಗುತ್ತಾ ಸಂಗೀತ ನುಡಿಸುತ್ತಾ ಅವಳನ್ನು ಕರೆದೊಯ್ದರಲ್ಲ, ಇವಳಿಗೆ ಸಿಟ್ಟು ಬಂತು. ಅಳಲಿಲ್ಲ, ಸಿಟ್ಟು. "ಇಷ್ಟು ಒಳ್ಳೆ ಮ್ಯೂಸಿಕ್ ಯಾಕೆ ಹಾಕಿದರು?" ಅಂದಳು.

ಚೆಲುವಿ ತೋರಿಸಲಿಲ್ಲ. ಟೀಚರಮ್ಮ ಬರೆದದ್ದನ್ನೇ ದೀಪ ಆರಿಸಿ ಕತೆಯಾಗಿ ಹೇಳಿದೆ, ಅಜ್ಜಿಯರ ಕೊನೆಯೊಂದಿಗೆ. ಅವಳಿಗೆ ಮುಂಡವಾದ ಹುಡುಗಿಯ ಭಯ ಏನೂ ಆಗಲಿಲ್ಲ. ಕೇಳಿದ್ದು ಒಂದೇ. "ನೀರು ಹಾಕುತ್ತಿದ್ದ ಅಕ್ಕ ಆಮೇಲೆ ಏನಾದಳು? ಅವಳಿಗೆ ಮಾತ್ರ ಸರಿಯಾಗಿ ಹಾಕಲು ಬರುತ್ತಿತ್ತಲ್ಲ. ಅವಳನ್ನು ಯಾಕೆ ಯಾರೂ ಕರೆಯಲಿಲ್ಲ?"

ಟೀಚರಮ್ಮ:
ನಲವತ್ತು ವರ್ಷದಿಂದ ಈ ಕತೆ ಹೇಳುತ್ತಿದ್ದೇನೆ. ಅಕ್ಕನ ವಿಷಯ ನನಗೆ ಹೊಳೆದೇ ಇರಲಿಲ್ಲ. ತಂಗಿಯ ಮದುವೆ ಆದ ಮೇಲೆ ಕತೆಯಲ್ಲಿ ಅಕ್ಕ ಬರುವುದೇ ಇಲ್ಲ, ನಿಜ.

ಬಾಸ್ಟನ್‌ಚಳಿ:
ಅವಳಿಗೆ ಲಿಟಲ್ ವಿಮೆನ್ ತೋರಿಸಿ. ಪೂರ್ತಿ ಅಕ್ಕಂದಿರದೇ ಕತೆ.

ಪಾಪ್‌ಕಾರ್ನ್‌ಪ್ರಿಯ:
ನಾನು ಈ ಭಾನುವಾರ ಕಾಗುಯಾ ನೋಡುತ್ತಿದ್ದೇನೆ. ಅಕ್ಕನೂ ಮಗುವನ್ನು ಕರೆದುಕೊಂಡು ಬರುತ್ತಾಳೆ. ಬೋರ್ ಆದರೆ ಕಳಲೆಪಲ್ಯ ಅವರಿಗೆ ಇಲ್ಲೇ ಬಂದು ಬೈಯುತ್ತೇನೆ.

ಕಳಲೆಪಲ್ಯ:
ಬನ್ನಿ. ಕರವಸ್ತ್ರ ಎರಡು ಇಟ್ಟುಕೊಳ್ಳಿ.